ಇಳಿಜಾರಿನ ಕೊನೆಯಲ್ಲಿ ಕುಸಿದ ಪೆಡಲ್: ಒಂದು ಕ್ಯಾಲಿಪರ್ ಮತ್ತು ಹಳೆಯ ಬ್ರೇಕ್ ಫ್ಲೂಯಿಡ್‌ನ ಪ್ರಕರಣ

ಈ ಪ್ರಕರಣದ ಕಾರು ಎಂಟು ವರ್ಷ ಹಳೆಯದು, 92,000 ಕಿಲೋಮೀಟರ್ ಓಡಿದ್ದು. ಮುಂದಿನ ಎರಡು ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನ ಎರಡಕ್ಕೆ ಡ್ರಮ್ ಬ್ರೇಕ್, ಜೊತೆಗೆ ಬ್ರೇಕ್ ಒತ್ತಿದಾಗ ಚಕ್ರಗಳು ಜಾಮ್ ಆಗದಂತೆ ತಡೆಯುವ ಎಬಿಎಸ್ ಇರುವ ಸಾಧಾರಣ ಸಣ್ಣ ಕಾರು ಅದು. ಅದರ ಮಾಲೀಕರು ಐದು ಜನರನ್ನೂ ಅವರ ಸಾಮಾನನ್ನೂ ಹೇರಿಕೊಂಡು ಉದ್ದನೆಯ ಬೆಟ್ಟದ ರಸ್ತೆಯೊಂದನ್ನು ಇಳಿದು, ತಪ್ಪಲಿನಲ್ಲಿ ಐದಾರು ನಿಮಿಷ ಗಾಡಿ ನಿಲ್ಲಿಸಿ, ಮತ್ತೆ ಹೊರಟ ಬಳಿಕ ಬಂದ ಮೊದಲ ತಿರುವಿನಲ್ಲೇ ಬ್ರೇಕ್ ಪೆಡಲ್ ಎಂದಿಗಿಂತ ಬಹಳ ಕೆಳಗೆ ಇಳಿಯಿತು. ಎರಡನೆಯ ಸಲ ಒತ್ತಿದಾಗ ಇನ್ನಷ್ಟು ಕೆಳಗೆ, ಹೆಚ್ಚುಕಡಿಮೆ ನೆಲಹಾಸಿನವರೆಗೆ ಹೋಯಿತು. ಕಾರು ನಿಧಾನವಾಯಿತು, ಆದರೆ ಬೇಕಾದಷ್ಟು ಬೇಗ ಆಗಲಿಲ್ಲ. ಕೆಳಗಿನ ಗೇರಿಗೆ ಇಳಿಸಿ, ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದು ಅವರು ರಸ್ತೆಯ ಬದಿಗೆ ಬಂದು ನಿಂತರು. ಮುಕ್ಕಾಲು ಗಂಟೆ ಕಳೆದ ಮೇಲೆ ಪೆಡಲ್ ಏನೂ ಆಗದಂತೆ ಗಟ್ಟಿಯಾಗಿತ್ತು.

ಆ ಬಳಿಕ ಅವರು ಕಾರನ್ನು ತೋರಿಸಿದ ವರ್ಕ್‌ಶಾಪಿನವರು ಬ್ರೇಕ್ ಲೈನಿನಲ್ಲಿ ಗಾಳಿ ಸೇರಿದೆಯೆಂದು ಹೇಳಿ ಬ್ಲೀಡ್ ಮಾಡಿಕೊಟ್ಟರು, ಎಂದರೆ ಗಾಳಿಯನ್ನು ಹೊರಬಿಡುವ ಕೆಲಸ ಮಾಡಿದರು. ಹದಿನೈದು ದಿನಗಳ ಅನಂತರ ಅದೇ ರಸ್ತೆಯಲ್ಲಿ ಅದೇ ಅನುಭವ ಮರುಕಳಿಸಿತು. ಈ ಸಲ ಬಂದ ಸಲಹೆ, ಪೆಡಲ್ ಒತ್ತಿದಾಗ ಬ್ರೇಕ್ ಲೈನಿನ ದ್ರವವನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಬದಲಿಸಬೇಕೆಂಬುದು. ಆ ಕೆಲಸಕ್ಕೆ ಒಪ್ಪುವ ಮೊದಲು ಒಮ್ಮೆ ನೋಡಿ ಎಂದು ಮಾಲೀಕರು ಕಾರನ್ನು ನನ್ನ ಬಳಿಗೆ ತಂದರು. ವಾಹನದ ದಾಖಲೆಯಲ್ಲಿ ನನಗೆ ಮುಖ್ಯವೆನಿಸಿದ ಸಂಗತಿಗಳು ಮೂರು. ಚಕ್ರದೊಡನೆ ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಮುಂದಿನ ಬ್ರೇಕ್ ಪ್ಯಾಡ್‌ಗಳನ್ನು ಹದಿನಾಲ್ಕು ತಿಂಗಳ ಹಿಂದೆ ಬದಲಿಸಲಾಗಿತ್ತು. ಬ್ರೇಕ್ ಲೈನಿನ ದ್ರವ, ಎಂದರೆ ಬ್ರೇಕ್ ಫ್ಲೂಯಿಡ್, ಪೂರ್ತಿ ಬದಲಾಗಿ ಐದು ವರ್ಷ ಮೀರಿತ್ತು. ಕಳೆದ ಒಂದು ವರ್ಷದಲ್ಲಿ ಫ್ಲೂಯಿಡ್ ಟ್ಯಾಂಕಿನ ಮಟ್ಟ ಇಳಿದಿದೆಯೆಂದು ಎರಡು ಸಲ ಮೇಲಿಂದ ಸುರಿಯಲಾಗಿತ್ತು. ಈ ಮೂರನೆಯ ಸಂಗತಿಯನ್ನು ಮಾಲೀಕರು ತಮ್ಮ ಜಾಗರೂಕತೆಯ ಗುರುತಾಗಿ ಹೇಳಿದರು. ಪ್ರಕರಣ ಬಿಡಿಸಿಕೊಂಡದ್ದು ಮುಖ್ಯವಾಗಿ ಅದರಿಂದಲೇ.

ದೂರಿನೊಳಗಿನ ಸುಳಿವು

ಪೆಡಲ್ ಕೆಳಗೆ ಹೋಗುವುದಕ್ಕೆ ಹಲವು ಕಾರಣಗಳಿದ್ದರೂ ಪ್ರತಿಯೊಂದೂ ತನ್ನದೇ ರೀತಿಯಲ್ಲಿ ಕೆಳಗೆ ಒಯ್ಯುತ್ತದೆ. ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲ್ ಸವೆದಿದ್ದರೆ, ಎಂಜಿನ್ ಚಾಲೂ ಇಟ್ಟು ಪೆಡಲನ್ನು ಹದವಾಗಿ ಒತ್ತಿ ಹಿಡಿದಾಗ ಅದು ಪಾದದ ಕೆಳಗೆ ನಿಧಾನವಾಗಿ ಇಳಿಯುತ್ತ ಹೋಗುತ್ತದೆ. ಬಿಸಿಯಿರಲಿ ತಂಪಿರಲಿ, ಆ ಲಕ್ಷಣ ಅಷ್ಟಾಗಿ ಮರೆಯಾಗುವುದಿಲ್ಲ. ಲೈನಿನಲ್ಲಿ ಗಾಳಿ ಉಳಿದಿದ್ದರೆ ಪೆಡಲ್ ಮೆತ್ತಗಿರುತ್ತದೆ, ಬೆಳಗಿನ ಮೊದಲ ಒತ್ತಿನಲ್ಲೂ ಮೆತ್ತಗೇ ಇರುತ್ತದೆ. ಎಲ್ಲಾದರೂ ಸೋರಿಕೆಯಿದ್ದರೆ ಟ್ಯಾಂಕಿನ ಮಟ್ಟ ಇಳಿಯುತ್ತದೆ, ಸೋರಿದ ಕಡೆ ಒದ್ದೆಯ ಗುರುತು ಕಾಣುತ್ತದೆ. ಬಿಸಿಯಾದಾಗ ಮಾತ್ರ ಬಂದು, ತಣಿದ ಮೇಲೆ ತಾನಾಗಿ ಹೋಗುವ ತೊಂದರೆ ಇವುಗಳಲ್ಲಿ ಯಾವುದೂ ಅಲ್ಲ. ಅದು ಫ್ಲೂಯಿಡ್ ಕುದಿದು ಆವಿಯಾಗುವುದರ ಲಕ್ಷಣ. ದ್ರವವನ್ನು ಒತ್ತಿದರೆ ಅದು ಕುಗ್ಗದೆ ಒತ್ತಡವನ್ನು ಎಲ್ಲ ಕಡೆಗೂ ಸಮನಾಗಿ ದಾಟಿಸುತ್ತದೆಂಬ ಪ್ಯಾಸ್ಕಲನ ನಿಯಮದ ಮೇಲೆ ಇಡೀ ಬ್ರೇಕ್ ವ್ಯವಸ್ಥೆ ನಿಂತಿದೆ. ಆವಿ ಹಾಗಲ್ಲ, ಒತ್ತಿದರೆ ಕುಗ್ಗುತ್ತದೆ. ಪಾದದ ಬಲವೆಲ್ಲ ಆ ಗುಳ್ಳೆಗಳನ್ನು ಹಿಸುಕುವುದರಲ್ಲೇ ಖರ್ಚಾಗಿ ಪ್ಯಾಡಿನವರೆಗೆ ತಲುಪುವುದಿಲ್ಲ.

ಒಂದು ನಿಮಿಷ ಪೆಡಲ್ ಒತ್ತಿ ಹಿಡಿದು ನೋಡಿದೆ, ಇಳಿಯಲಿಲ್ಲ. ತಂಪು ಗಾಡಿಯಲ್ಲಿ ಪೆಡಲ್ ಗಟ್ಟಿಯಾಗಿತ್ತು. ನಾಲ್ಕು ಚಕ್ರಗಳ ಬಳಿಯೂ ಪೈಪುಗಳ ಉದ್ದಕ್ಕೂ ಒಣಗಿತ್ತು. ಆದರೆ ಫ್ಲೂಯಿಡ್ ಕುದಿದಿರಬೇಕೆಂಬ ನನ್ನ ಮಾತನ್ನು ಮಾಲೀಕರು ಒಪ್ಪಲಿಲ್ಲ. "ಇಳಿಯುವಾಗ ಬ್ರೇಕ್ ಚೆನ್ನಾಗೇ ಹಿಡೀತಿತ್ತು ಸಾರ್, ನಿಂತು ತಣ್ಣಗಾದ ಮೇಲಲ್ಲವೇ ಪೆಡಲ್ ಕೆಳಗೆ ಹೋದದ್ದು?" ಎಂದು ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದು, ಮತ್ತು ಅದಕ್ಕೆ ಉತ್ತರವಿದೆ. ಕಾರು ಓಡುತ್ತಿರುವಾಗ ಡಿಸ್ಕಿನ ಸುತ್ತ ಗಾಳಿ ಹರಿಯುತ್ತಿರುತ್ತದೆ. ನಿಂತ ಕೂಡಲೇ ಆ ಗಾಳಿ ನಿಲ್ಲುತ್ತದೆ. ಡಿಸ್ಕಿನಲ್ಲೂ ಪ್ಯಾಡಿನಲ್ಲೂ ತುಂಬಿಕೊಂಡಿದ್ದ ಶಾಖ ಪ್ಯಾಡನ್ನು ಒತ್ತುವ ಪಿಸ್ಟನ್ ಮೂಲಕ ಅದರ ಹಿಂದಿರುವ ಫ್ಲೂಯಿಡ್‌ಗೆ ಇಳಿಯತೊಡಗುತ್ತದೆ. ಹೀಗಾಗಿ ಡಿಸ್ಕ್ ತಣಿಯುತ್ತಿರುವ ಆ ಮೊದಲ ಕೆಲವು ನಿಮಿಷಗಳಲ್ಲೇ ಫ್ಲೂಯಿಡ್ ಅತಿ ಹೆಚ್ಚು ಬಿಸಿಯಾಗುವುದುಂಟು. ಇಳಿಜಾರಿನ ಕೆಳಗೆ ಐದಾರು ನಿಮಿಷ ನಿಂತು ಹೊರಟಾಗ ಪೆಡಲ್ ಕುಸಿದದ್ದು ನನ್ನ ಊಹೆಯನ್ನು ಬಲಪಡಿಸಿತೇ ಹೊರತು ಅಲ್ಲಗಳೆಯಲಿಲ್ಲ.

ಪೆಡಲ್ ಅಷ್ಟು ಕೆಳಗೆ ಹೋದರೂ ಕಾರು ನಿಂತದ್ದಕ್ಕೆ ಕಾರಣವನ್ನೂ ಇಲ್ಲೇ ಹೇಳಬೇಕು. ಮಾಸ್ಟರ್ ಸಿಲಿಂಡರಿನಲ್ಲಿ ಎರಡು ಪ್ರತ್ಯೇಕ ಕೋಣೆಗಳಿರುತ್ತವೆ. ಈ ಕಾರಿನಲ್ಲಿ ಒಂದು ಕೋಣೆ ಎಡ ಮುಂಭಾಗ ಮತ್ತು ಬಲ ಹಿಂಭಾಗಕ್ಕೆ, ಇನ್ನೊಂದು ಬಲ ಮುಂಭಾಗ ಮತ್ತು ಎಡ ಹಿಂಭಾಗಕ್ಕೆ, ಹೀಗೆ ಕರ್ಣಾಕಾರವಾಗಿ ಹಂಚಿಕೆಯಾಗಿದೆ. ಒಂದು ಜೋಡಿ ಸೋತರೂ ಮತ್ತೊಂದು ದುಡಿಯುತ್ತದೆ, ಆದರೆ ಪೆಡಲ್ ಬಹಳ ದೂರ ಇಳಿದ ಮೇಲೆ. ಮಾಲೀಕರು ವಿವರಿಸಿದ್ದು ಅಕ್ಷರಶಃ ಇದನ್ನೇ. ಎಂದರೆ ನಾಲ್ಕೂ ಚಕ್ರಗಳಲ್ಲಿ ಫ್ಲೂಯಿಡ್ ಕುದಿದಿರಲಿಲ್ಲ. ಒಂದು ಕಡೆ ಮಾತ್ರ ಕುದಿದಿತ್ತು. ಯಾವ ಕಡೆ, ಮತ್ತು ಅಲ್ಲೇ ಏಕೆ ಎಂಬುದು ಮುಂದಿನ ಪ್ರಶ್ನೆಯಾಯಿತು.

ಎಡ ಮುಂಭಾಗದ ಚಕ್ರ

ಎಡ ಮುಂದಿನ ಚಕ್ರದ ರಿಮ್ಮಿನ ಮೇಲೆ ಬಲಗಡೆಗಿಂತ ಹೆಚ್ಚು ಕಪ್ಪು ಧೂಳು ಕೂತಿತ್ತು. ಸಮತಟ್ಟಾದ ರಸ್ತೆಯಲ್ಲಿ ಬ್ರೇಕನ್ನು ಆದಷ್ಟು ಕಡಿಮೆ ಬಳಸಿ 12 ಕಿಲೋಮೀಟರ್ ಓಡಿಸಿ ಬಂದು, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಎರಡೂ ಡಿಸ್ಕ್‌ಗಳನ್ನು ಅಳೆದೆ: ಬಲಗಡೆ 74 ಡಿಗ್ರಿ ಸೆಲ್ಸಿಯಸ್, ಎಡಗಡೆ 168. ಹೊಳೆಯುವ ಲೋಹದ ಮೇಲೆ ಈ ಉಪಕರಣ ನಿಜಕ್ಕಿಂತ ಕಡಿಮೆ ತೋರಿಸುವುದುಂಟು; ಆದ್ದರಿಂದ ಸಂಖ್ಯೆಯನ್ನೇ ನಂಬದೆ, ಎರಡೂ ಕಡೆ ಒಂದೇ ಜಾಗವನ್ನು ಒಂದೇ ದೂರದಿಂದ ಅಳೆದು ಹೋಲಿಸಿ ನೋಡುವುದು ಸರಿಯಾದ ಕ್ರಮ. ಹಾಗೆ ಹೋಲಿಸಿದಾಗ ಅನುಮಾನಕ್ಕೆ ಎಡೆಯಿರಲಿಲ್ಲ.

ಹಿಂದಿನ ಚಕ್ರಗಳಿಗೆ ಉರುಳದಂತೆ ಅಡ್ಡ ಕೊಟ್ಟು, ಜಾಕಿನಿಂದ ಎತ್ತಿ, ಸ್ಟ್ಯಾಂಡ್‌ಗಳ ಮೇಲೆ ಕೂರಿಸಿದ ಮೇಲೆ ಎಡ ಚಕ್ರವನ್ನು ಎರಡೂ ಕೈಗಳಿಂದ ಬಲ ಹಾಕಿ ತಿರುಗಿಸಬೇಕಾಯಿತು. ಬ್ರೇಕ್ ಹೀಗೆ ಹಿಡಿದುಕೊಂಡಿರುವುದಕ್ಕೆ ಎರಡು ಬಗೆಯ ಕಾರಣಗಳಿರಬಹುದು. ಒಂದು, ಪೆಡಲ್ ಬಿಟ್ಟರೂ ಫ್ಲೂಯಿಡ್‌ನ ಒತ್ತಡ ಹಿಂದಿರುಗದೆ, ಪಿಸ್ಟನ್ನನ್ನೂ ಪ್ಯಾಡ್‌ಗಳನ್ನೂ ಹಿಡಿದಿರುವ ಕ್ಯಾಲಿಪರಿನಲ್ಲೇ ಸಿಕ್ಕಿಕೊಂಡಿರುವುದು. ರಬ್ಬರ್ ಹೋಸ್ ಒಳಗಿನಿಂದ ಊದಿಕೊಂಡಾಗ ಹೀಗಾಗುತ್ತದೆ, ಹೊರಗಿನಿಂದ ನೋಡಿದರೆ ಹೋಸ್ ಚೆನ್ನಾಗಿಯೇ ಕಾಣುತ್ತದೆ. ಇನ್ನೊಂದು, ಒತ್ತಡವೆಲ್ಲ ಹೋದ ಮೇಲೂ ಪಿಸ್ಟನ್, ಗೈಡ್ ಪಿನ್ ಅಥವಾ ಪ್ಯಾಡ್ ಯಾಂತ್ರಿಕವಾಗಿ ಬಿಗಿದುಕೊಂಡಿರುವುದು. ಇವೆರಡನ್ನು ಬೇರ್ಪಡಿಸುವ ಪರೀಕ್ಷೆ ಬಹಳ ಸರಳ, ಆದರೂ ಅದನ್ನು ಮಾಡದೆಯೇ ಬಿಡಿಭಾಗಗಳನ್ನು ಬದಲಿಸುವುದನ್ನು ನಾನು ಹಲವು ಸಲ ಕಂಡಿದ್ದೇನೆ: ಚಕ್ರ ಬಿಗಿದಿರುವಾಗ ಕ್ಯಾಲಿಪರಿನಿಂದ ಫ್ಲೂಯಿಡ್ ಹೊರಬಿಡುವ ಬ್ಲೀಡರ್ ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಬೇಕು. ಫ್ಲೂಯಿಡ್ ಚಿಮ್ಮಿ ಚಕ್ರ ಸಡಿಲವಾದರೆ ತೊಂದರೆ ಒತ್ತಡದ್ದು, ಸಡಿಲವಾಗದಿದ್ದರೆ ಕ್ಯಾಲಿಪರಿನದು. ಎಂಟು ವರ್ಷದ ಹೋಸ್ ಆದ್ದರಿಂದ ತಪ್ಪು ಅದರದ್ದೇ ಇರಬೇಕೆಂದು ನಾನು ಭಾವಿಸಿದ್ದೆ. ಬ್ಲೀಡರ್ ತೆರೆದಾಗ ನಾಲ್ಕಾರು ಹನಿ ಇಳಿಯಿತು, ಚಕ್ರ ಹಾಗೆಯೇ ಬಿಗಿಯಾಗಿತ್ತು. ನನ್ನ ಊಹೆ ತಪ್ಪಾಗಿತ್ತು.

ಕ್ಯಾಲಿಪರಿನ ರಚನೆಯನ್ನು ಸ್ವಲ್ಪ ವಿವರಿಸದಿದ್ದರೆ ಮುಂದೆ ಕಂಡದ್ದು ಸ್ಪಷ್ಟವಾಗುವುದಿಲ್ಲ. ಈ ಜಾತಿಯ ಕ್ಯಾಲಿಪರಿನಲ್ಲಿ ಪಿಸ್ಟನ್ ಒಂದೇ, ಅದು ಡಿಸ್ಕಿನ ಒಳಬದಿಗಿದೆ. ಪಿಸ್ಟನ್ ಒಳಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ, ಅದರ ಪ್ರತಿಬಲದಿಂದ ಕ್ಯಾಲಿಪರಿನ ಇಡೀ ದೇಹ ಒಳಮುಖವಾಗಿ ಜಾರಿ ಹೊರಪ್ಯಾಡನ್ನೂ ಡಿಸ್ಕಿಗೆ ತಂದು ಒತ್ತುತ್ತದೆ. ಈ ಜಾರುವಿಕೆ ನಡೆಯುವುದು ಬ್ರಾಕೆಟ್ಟಿನ ರಂಧ್ರಗಳಲ್ಲಿ ಕೂರುವ ಎರಡು ಗೈಡ್ ಪಿನ್‌ಗಳ ಮೇಲೆ. ಪೆಡಲ್ ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಸ್ಪ್ರಿಂಗ್ ಏನೂ ಇಲ್ಲ. ಪಿಸ್ಟನ್ನಿನ ಸುತ್ತ ಇರುವ, ಅಡ್ಡ ಕೊಯ್ದರೆ ಚೌಕವಾಗಿ ಕಾಣುವ ರಬ್ಬರ್ ಉಂಗುರದ ಸೀಲ್ ಒತ್ತಡದಲ್ಲಿ ವಾಲಿಕೊಂಡಿದ್ದು, ಒತ್ತಡ ಹೋದಾಗ ನೆಟ್ಟಗಾಗುತ್ತ ಪಿಸ್ಟನ್ನನ್ನು ಮಿಲಿಮೀಟರಿನ ಸಣ್ಣದೊಂದು ಭಾಗದಷ್ಟು ಹಿಂದಕ್ಕೆ ತರುತ್ತದೆ, ಅಷ್ಟೇ. ಅಷ್ಟು ಚಿಕ್ಕ ಬಲಕ್ಕೆ, ಅಷ್ಟು ಚಿಕ್ಕ ಚಲನೆಗೆ ಅಡ್ಡಿಯಾಗಲು ಒಂದಿಷ್ಟು ತುಕ್ಕು, ಒಂದಿಷ್ಟು ಊದಿದ ರಬ್ಬರ್ ಸಾಕು.

ಮೇಲಿನ ಪಿನ್ ಬೆರಳಿನಿಂದ ತಳ್ಳಿದರೆ ಜಾರುತ್ತಿತ್ತು. ಕೆಳಗಿನದು ಜಾರಲಿಲ್ಲ, ಸ್ಪ್ಯಾನರ್ ಹಾಕಿ ತಿರುಚುತ್ತ, ಎಳೆಯುತ್ತ ಹೊರತೆಗೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಆ ಪಿನ್ನಿನ ತುದಿಯಲ್ಲಿ ಅಲುಗಾಟ ತಡೆಯಲು ಒಂದು ರಬ್ಬರ್ ಬುಷ್ ಇದೆ. ಅದು ಊದಿ ಮೆತ್ತಗಾಗಿ, ರಂಧ್ರದ ಗೋಡೆಗೆ ಕಚ್ಚಿಕೊಂಡಿತ್ತು. ಪಿನ್ನಿನ ಮೇಲೆ ಕಪ್ಪಾದ, ಅಂಟಂಟಾದ ಗ್ರೀಸ್ ಇತ್ತು, ಅದೂ ಬೇರಿಂಗ್‌ಗೆ ಹಾಕುವ ಸಾಮಾನ್ಯ ಪೆಟ್ರೋಲಿಯಂ ಗ್ರೀಸ್. ಜೊತೆಗೆ ಧೂಳು ತಡೆಯುವ ಬೂಟ್ ತನ್ನ ತೋಡಿನಲ್ಲಿ ಸರಿಯಾಗಿ ಕೂತಿರದೆ ನೀರು ಒಳಹೋಗಿ, ಪಿನ್ನಿನ ನಡುವೆ ತುಕ್ಕಿನ ಉಂಗುರವೂ ಆಗಿತ್ತು.

ಇಲ್ಲಿ ಮಾತಿನ ರೂಢಿಯೊಂದರ ಬಗ್ಗೆ ಹೇಳಲೇಬೇಕು. ಬ್ರೇಕ್ ಫ್ಲೂಯಿಡನ್ನು ನಾವು ಆಡುಮಾತಿನಲ್ಲಿ 'ಬ್ರೇಕ್ ಆಯಿಲ್' ಎನ್ನುತ್ತೇವೆ. ಈ ಹೆಸರಿನಿಂದ ಆಗುವ ಹಾನಿ ಸಣ್ಣದಲ್ಲ. ಡಾಟ್ 3, ಡಾಟ್ 4, ಡಾಟ್ 5.1 ಎಂದು ಗುರುತಿಸುವ ಫ್ಲೂಯಿಡ್‌ಗಳು ಎಣ್ಣೆಗಳಲ್ಲ, ಗ್ಲೈಕಾಲ್ ವರ್ಗದ ರಾಸಾಯನಿಕಗಳು. ಅವುಗಳ ಜೊತೆ ಬಾಳಬೇಕಾದ ಸೀಲ್ ಮತ್ತು ಬುಷ್‌ಗಳನ್ನು ಸಾಮಾನ್ಯವಾಗಿ ಇಪಿಡಿಎಂ ಎಂಬ ರಬ್ಬರಿನಿಂದ ಮಾಡುತ್ತಾರೆ. ಈ ರಬ್ಬರ್ ಗ್ಲೈಕಾಲನ್ನು ತಾಳುತ್ತದೆ, ಪೆಟ್ರೋಲಿಯಂ ಎಣ್ಣೆಯನ್ನು ತಾಳುವುದಿಲ್ಲ. ಎಣ್ಣೆ ಕುಡಿದು ಊದುತ್ತದೆ. 'ಆಯಿಲ್' ಎಂದು ಕರೆದು ಅಭ್ಯಾಸವಾದ ಕೈಗೆ, ಜಾರಬೇಕಾದ ಪಿನ್ನಿಗೆ ಸಿಕ್ಕ ಗ್ರೀಸ್ ಹಚ್ಚುವುದರಲ್ಲಿ ತಪ್ಪೇನೂ ತೋರುವುದಿಲ್ಲ. ಹದಿನಾಲ್ಕು ತಿಂಗಳ ಹಿಂದೆ ಪ್ಯಾಡ್ ಬದಲಿಸಿದವರು ಶ್ರದ್ಧೆಯಿಂದಲೇ ಪಿನ್ ಬಿಚ್ಚಿ ಒರೆಸಿ ಗ್ರೀಸ್ ಹಚ್ಚಿದ್ದರು, ಆ ಶ್ರಮವೇ ಪಿನ್ನನ್ನು ಕಟ್ಟಿಹಾಕಿತು. ಬಲಗಡೆಯ ಕ್ಯಾಲಿಪರಿನಲ್ಲೂ ಅದೇ ಗ್ರೀಸ್ ಇತ್ತು, ಬುಷ್ ಊದತೊಡಗಿತ್ತು. ಬೂಟ್ ಸರಿಯಾಗಿ ಕೂತಿದ್ದರಿಂದ ತುಕ್ಕು ಹಿಡಿದಿರಲಿಲ್ಲ, ಪಿನ್ ಇನ್ನೂ ಜಾರುತ್ತಿತ್ತು.

ಪ್ಯಾಡ್‌ಗಳ ಅಳತೆ ಇದಕ್ಕೆ ಹೊಂದಿಕೆಯಾಯಿತು. ಹೊಸತಾಗಿದ್ದಾಗ ಘರ್ಷಣಾ ಪದರ 10 ಮಿಲಿಮೀಟರ್ ದಪ್ಪ. ಈಗ ಬಲಗಡೆ ಒಳಪ್ಯಾಡ್ 6.5, ಹೊರಪ್ಯಾಡ್ 7. ಎಡಗಡೆ ಹೊರಪ್ಯಾಡ್ 6, ಒಳಪ್ಯಾಡ್ ಕೇವಲ 2.5, ಅದೂ ಒಂದು ತುದಿಯಿಂದ ಇನ್ನೊಂದಕ್ಕೆ ಓರೆಯಾಗಿ. ದೇಹ ಜಾರದಿದ್ದಾಗ ಪಿಸ್ಟನ್ ಬದಿಯ ಪ್ಯಾಡಿನ ಮೇಲೇ ಕೆಲಸದ ಹೆಚ್ಚಿನ ಭಾರ ಬೀಳುತ್ತದೆ, ಒಂದೇ ಪಿನ್ ಹಿಡಿದುಕೊಂಡಾಗ ಕ್ಯಾಲಿಪರ್ ವಾಲಿ ಪ್ಯಾಡ್ ಓರೆಯಾಗಿ ಸವೆಯುತ್ತದೆ. ತೆಳುವಾದ ಪ್ಯಾಡಿನಿಂದ ಇನ್ನೊಂದು ತೊಂದರೆಯೂ ಇದೆ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ: ಡಿಸ್ಕಿನ ಬಿಸಿ ಪಿಸ್ಟನ್ನಿಗೆ ತಲುಪದಂತೆ ತಡೆಯುವ ಗೋಡೆಯೂ ಆ ಘರ್ಷಣಾ ಪದರವೇ. ಅದು ಕಾಲು ಭಾಗಕ್ಕೆ ಇಳಿದಾಗ ಶಾಖಕ್ಕೆ ದಾರಿ ಸಲೀಸಾಗುತ್ತದೆ.

ಟ್ಯಾಂಕಿಗೆ ಸುರಿದ ಫ್ಲೂಯಿಡ್‌ನ ಲೆಕ್ಕ

ಈಗ ಮಾಲೀಕರು ಎರಡು ಸಲ ಸುರಿದ ಫ್ಲೂಯಿಡ್‌ನ ವಿಷಯಕ್ಕೆ ಬರುತ್ತೇನೆ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಮುಂದೆ ಬಂದು ನಿಲ್ಲುತ್ತದೆ, ಅದರ ಹಿಂದೆ ಖಾಲಿಯಾದ ಜಾಗವನ್ನು ಟ್ಯಾಂಕಿನ ಫ್ಲೂಯಿಡ್ ತುಂಬುತ್ತದೆ, ಆದ್ದರಿಂದ ಸೋರಿಕೆಯೇನೂ ಇಲ್ಲದೆಯೇ ಮಟ್ಟ ಇಳಿಯುತ್ತದೆ. ಈ ಕಾರಿನ ಪಿಸ್ಟನ್ 54 ಮಿಲಿಮೀಟರ್ ವ್ಯಾಸದ್ದು. ಪ್ರತಿ ಮಿಲಿಮೀಟರ್ ಸವೆತಕ್ಕೆ ಸುಮಾರು 2.3 ಮಿಲಿಲೀಟರ್ ಬೇಕು. ಎಡಗಡೆ ಎರಡೂ ಪ್ಯಾಡ್ ಸೇರಿ 11.5 ಮಿಲಿಮೀಟರ್ ಸವೆದಿತ್ತು, ಬಲಗಡೆ 6.5, ಒಟ್ಟು ಸುಮಾರು 41 ಮಿಲಿಲೀಟರ್. ಮಾಲೀಕರ ಬಳಿಯಿದ್ದ ಬಾಟಲಿಯಲ್ಲಿ ಖರ್ಚಾಗಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿಗೆ ಸೋರಿಕೆಯಿಲ್ಲವೆಂಬುದು ಲೆಕ್ಕದಿಂದಲೂ ಖಚಿತವಾಯಿತು. ಆದರೆ ಮಟ್ಟ ಇಳಿದದ್ದು ಪ್ಯಾಡ್‌ಗಳನ್ನು ನೋಡಿರೆಂಬ ಸೂಚನೆಯಾಗಿತ್ತು. ಸುರಿದು ಮಟ್ಟ ಸರಿಮಾಡಿದ ಪ್ರತಿ ಸಲವೂ ಆ ಸೂಚನೆ ಅಳಿಸಿಹೋಯಿತು. ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪ ಹೊತ್ತುವ ಅವಕಾಶವೂ ತಪ್ಪಿತು. ಇನ್ನೊಂದು ಮಾತು: ಆ ಬಾಟಲಿಯ ಮುಚ್ಚಳ ತೆರೆದು ಎರಡು ವರ್ಷವಾಗಿತ್ತು. ಈ ಫ್ಲೂಯಿಡ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ತೆರೆದ ಬಾಟಲಿಯಿಂದ ಸುರಿದದ್ದರಿಂದ ಹಳೆಯ ಫ್ಲೂಯಿಡ್ ಸುಧಾರಿಸಲಿಲ್ಲ.

ಅಮೆರಿಕದ ಎಫ್‌ಎಂವಿಎಸ್‌ಎಸ್ 116 ಮಾನದಂಡದ ಪ್ರಕಾರ ಹೊಸ ಡಾಟ್ 4 ಫ್ಲೂಯಿಡ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ಸುಮಾರು 3.7 ಶೇಕಡಾ ನೀರು ಸೇರಿದ ಸ್ಥಿತಿಯಲ್ಲಿ ಕನಿಷ್ಠ ಮಿತಿ 155 ಡಿಗ್ರಿ. ಡಾಟ್ 3ಕ್ಕೆ ಇದೇ ಅಂಕಿಗಳು 205 ಮತ್ತು 140. ನೂರಕ್ಕೆ ನಾಲ್ಕು ಪಾಲೂ ಇಲ್ಲದ ನೀರು ಕುದಿಬಿಂದುವನ್ನು ಎಪ್ಪತ್ತೈದು ಡಿಗ್ರಿಯಷ್ಟು ಕೆಳಗಿಳಿಸಬಲ್ಲದು ಎಂಬುದನ್ನು ಇದರಿಂದ ಗ್ರಹಿಸಬಹುದು. ಕುದಿಸಿ ಅಳೆಯುವ ಉಪಕರಣದಲ್ಲಿ ಈ ಕಾರಿನ ಟ್ಯಾಂಕಿನ ಫ್ಲೂಯಿಡ್ 171 ಡಿಗ್ರಿಗೆ ಕುದಿಯಿತು. ಎಡ ಕ್ಯಾಲಿಪರಿನಿಂದ ತೆಗೆದದ್ದು 146 ಡಿಗ್ರಿಗೇ ಕುದಿಯಿತು. ಈ ವ್ಯತ್ಯಾಸ ಆಕಸ್ಮಿಕವಲ್ಲ. ಬ್ರೇಕ್ ಲೈನಿನಲ್ಲಿ ಫ್ಲೂಯಿಡ್ ಸುತ್ತು ಹೊಡೆಯುವುದಿಲ್ಲ, ಇದ್ದಲ್ಲೇ ಇರುತ್ತದೆ. ರಬ್ಬರ್ ಹೋಸಿನ ಗೋಡೆಯ ಮೂಲಕವೂ ತೇವ ನುಸುಳುತ್ತದೆ. ಟ್ಯಾಂಕಿನಲ್ಲಿ ಅದ್ದಿದ ಪರೀಕ್ಷಾ ಕಡ್ಡಿ ತೃಪ್ತಿಕರ ಉತ್ತರ ಕೊಟ್ಟಿತೆಂದ ಮಾತ್ರಕ್ಕೆ, ಎಲ್ಲಕ್ಕಿಂತ ಹೆಚ್ಚು ಬಿಸಿಯಾಗುವ ಕ್ಯಾಲಿಪರಿನಲ್ಲಿ ಏನಿದೆಯೆಂಬುದು ತಿಳಿಯುವುದಿಲ್ಲ. ಬಣ್ಣವನ್ನಂತೂ ನಾನು ಪುರಾವೆಯೆಂದು ಎಣಿಸುವುದಿಲ್ಲ. ಕಪ್ಪಾದದ್ದು ಹಳೆಯದೆಂದು ಹೇಳಬಹುದು, ತಿಳಿಯಾಗಿರುವುದು ಚೆನ್ನಾಗಿದೆಯೆಂದು ಹೇಳಲಾಗದು.

ಇಳಿಜಾರಿನ ಶಾಖದ ಪ್ರಮಾಣವನ್ನೂ ಊಹಿಸಿಕೊಳ್ಳಬೇಕು. 1,200 ಕಿಲೋಗ್ರಾಂ ತೂಕದ ಕಾರು 500 ಮೀಟರ್ ಎತ್ತರದಿಂದ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 59 ಲಕ್ಷ ಜೂಲ್. 17 ಲೀಟರಿಗಿಂತ ಹೆಚ್ಚು ನೀರನ್ನು 20 ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಲು ಅದು ಸಾಕು. ಗಾಳಿಯ ತಡೆಗೂ ಟೈರಿನ ಉರುಳುವಿಕೆಗೂ ಎಂಜಿನ್ನಿಗೂ ಅದರಲ್ಲಿ ಒಂದು ಪಾಲು ಹೋಗುತ್ತದೆ, ಉಳಿದದ್ದೆಲ್ಲ ಬ್ರೇಕಿನ ಪಾಲಿಗೆ ಬರುತ್ತದೆ. ಈ ಹೊರೆಯ ಮೇಲೆ ಎಡ ಚಕ್ರ ತಾನೇ ಹಿಡಿದುಕೊಂಡು ಹುಟ್ಟಿಸುತ್ತಿದ್ದ ಬಿಸಿಯೂ ಸೇರಿತು.

ಬಲಗಡೆಯ ಚಕ್ರ ಈ ಪ್ರಕರಣದಲ್ಲಿ ತುಲನೆಗೆ ದೊರೆತ ಅದೃಷ್ಟ. ಅದರಲ್ಲಿ ಅಷ್ಟೇ ಹಳೆಯ ಫ್ಲೂಯಿಡ್, ಅದೇ ಇಳಿಜಾರು, ಅದೇ ಚಾಲಕ. ಆದರೂ ಅಲ್ಲಿ ಫ್ಲೂಯಿಡ್ ಕುದಿಯಲಿಲ್ಲ. ಹಳೆಯ ಫ್ಲೂಯಿಡ್ ಒಂದೇ ಈ ಅಪಾಯವನ್ನು ತಂದಿರಲಿಲ್ಲವೆಂದು ಅದು ತೋರಿಸುತ್ತದೆ. ಹೊಸ ಫ್ಲೂಯಿಡ್ ಇದ್ದಿದ್ದರೆ ಬಿಗಿದ ಕ್ಯಾಲಿಪರ್ ಇನ್ನಷ್ಟು ಕಾಲ ಪೆಡಲನ್ನು ಕುಸಿಯಗೊಡದೆ, ಪ್ಯಾಡ್ ಪೂರ್ತಿ ತೇಯ್ದು ಲೋಹ ತಾಗುವವರೆಗೆ ಗುಟ್ಟಾಗಿಯೇ ಉಳಿಯುತ್ತಿತ್ತೇನೋ. ವರ್ಕ್‌ಶಾಪಿನಲ್ಲಿ ಬ್ಲೀಡ್ ಮಾಡಿದ ಮೇಲೂ ತೊಂದರೆ ಮರುಕಳಿಸಿದ್ದೇಕೆಂಬುದಕ್ಕೂ ಇದೇ ಉತ್ತರ: ತಣಿದ ಗಾಡಿಯಲ್ಲಿ ಆವಿ ಮತ್ತೆ ದ್ರವವಾಗಿತ್ತು, ತೆಗೆಯಲು ಅಲ್ಲಿ ಗಾಳಿಯೇ ಇರಲಿಲ್ಲ.

ದುರಸ್ತಿ

ಕ್ಯಾಲಿಪರನ್ನೇ ಬದಲಿಸುವುದು ಸುಲಭದ ದಾರಿಯಾಗಿತ್ತು. ಅದಕ್ಕೆ ಮೊದಲು ಪಿಸ್ಟನ್ನನ್ನು ನೋಡಬೇಕೆಂದು, ಮರದ ತುಂಡೊಂದನ್ನು ಅಡ್ಡವಿಟ್ಟು ಪೆಡಲಿನಿಂದ ಅದನ್ನು ಕೆಲವು ಮಿಲಿಮೀಟರ್ ಹೊರತಂದೆ. ಬೂಟ್ ಹರಿದಿರಲಿಲ್ಲ, ಲೋಹದ ಮೈಯಲ್ಲಿ ತುಕ್ಕಿನ ಕುಳಿಗಳಿರಲಿಲ್ಲ, ಕ್ಲ್ಯಾಂಪಿನಿಂದ ಒತ್ತಿದಾಗ ಒಂದೇ ಹದದಲ್ಲಿ ಒಳಸರಿಯಿತು. ಕುಳಿ ಬಿದ್ದ ಪಿಸ್ಟನ್ ಸೀಲನ್ನು ಕೆರೆಯುತ್ತದೆ, ಅಂಥದ್ದನ್ನು ಉಜ್ಜಿ ಉಳಿಸಿಕೊಳ್ಳುವುದು ಸಲ್ಲದು. ಇಲ್ಲಿ ಅದಿಲ್ಲದ್ದರಿಂದ ಕ್ಯಾಲಿಪರನ್ನು ಉಳಿಸಿಕೊಂಡೆ. ಪಿಸ್ಟನ್ನನ್ನು ಒಳಗೆ ಒತ್ತುವ ಮುನ್ನ ಟ್ಯಾಂಕಿನಿಂದ ಸಿರಿಂಜಿನಲ್ಲಿ ಫ್ಲೂಯಿಡ್ ಎಳೆದು ತೆಗೆದೆ, ಇಲ್ಲದಿದ್ದರೆ ಸುರಿದ ಆ 41 ಮಿಲಿಲೀಟರ್ ಉಕ್ಕಿ ಬಣ್ಣದ ಮೇಲೆ ಬೀಳುತ್ತಿತ್ತು. ಗ್ಲೈಕಾಲ್ ಫ್ಲೂಯಿಡ್ ಬಣ್ಣವನ್ನು ತಿನ್ನುತ್ತದೆ, ಬಿದ್ದರೆ ಕೂಡಲೇ ನೀರು ಹೊಯ್ದು ತೊಳೆಯಬೇಕು. ಒತ್ತುವಾಗ ಬ್ಲೀಡರಿಗೆ ಕೊಳವೆ ಸಿಕ್ಕಿಸಿ ತೆರೆದಿಟ್ಟು, ಕ್ಯಾಲಿಪರಿನ ಕೊಳೆ ಫ್ಲೂಯಿಡ್ ಎಬಿಎಸ್ ಘಟಕದ ಕಡೆ ಹಿಂದಕ್ಕೆ ಹೋಗದೆ ಬಾಟಲಿಗೆ ಬೀಳುವಂತೆ ಮಾಡಿದೆ. ಇಡೀ ಕೆಲಸದಲ್ಲಿ ಕ್ಯಾಲಿಪರನ್ನು ತಂತಿಯಿಂದ ಕಟ್ಟಿ ತೂಗುಹಾಕಿದ್ದೆ. ಹೋಸಿನ ಮೇಲೆ ಅದರ ಭಾರ ಬೀಳಬಾರದು.

ಎರಡೂ ಕಡೆಯ ಪಿನ್, ಬುಷ್, ಬೂಟ್‌ಗಳನ್ನು ಹೊಸತಾಗಿ ಹಾಕಿದೆ. ರಂಧ್ರಗಳಲ್ಲಿದ್ದ ಹಳೆಯ ಗ್ರೀಸನ್ನು ಬ್ರೇಕ್ ಕ್ಲೀನರ್ ಮತ್ತು ಸಣ್ಣ ಬ್ರಶ್ಶಿನಿಂದ ಪೂರ್ತಿ ತೆಗೆದ ಮೇಲೆಯೇ ಸಿಲಿಕೋನ್ ಆಧಾರಿತ ಬ್ರೇಕ್ ಗ್ರೀಸನ್ನು ತೆಳುವಾಗಿ ಹಚ್ಚಿದೆ. ತಳ ಮುಚ್ಚಿದ ರಂಧ್ರದಲ್ಲಿ ಗ್ರೀಸ್ ತುಂಬಿದರೆ ಪಿನ್ ಒಳಹೋಗಲು ಜಾಗವಿಲ್ಲದೆ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ, ಆದ್ದರಿಂದ ಹೆಚ್ಚು ಹಚ್ಚುವುದು ಒಳ್ಳೆಯದಲ್ಲ. ಬುಷ್ ಇರುವ ಪಿನ್ ಮೇಲೋ ಕೆಳಗೋ ಎಂಬುದನ್ನು ತಯಾರಕರ ಕೈಪಿಡಿ ನೋಡಿಯೇ ನಿರ್ಧರಿಸಬೇಕು.

ಇಷ್ಟಕ್ಕೆ ಕೆಲಸ ಮುಗಿಯಿತೆಂದುಕೊಂಡು ಹೊಸ ಪ್ಯಾಡ್ ಜೋಡಿಸಿ ಚಕ್ರ ತಿರುಗಿಸಿದಾಗ, ಹಿಂದಿನಷ್ಟಲ್ಲದಿದ್ದರೂ ಎಡಗಡೆ ಇನ್ನೂ ಹಿಡಿಯುತ್ತಿತ್ತು. ಮತ್ತೆ ಬಿಚ್ಚಿದೆ. ಒಳಪ್ಯಾಡಿನ ಕೆಳತುದಿಯ ಚಾಚು, ಎಂದರೆ ಕಿವಿ, ಬ್ರಾಕೆಟ್ಟಿನಲ್ಲಿ ಬಿಗಿಯಾಗಿ ಕೂತಿತ್ತು. ಅಲ್ಲಿರುವ ಸ್ಟೇನ್‌ಲೆಸ್ ಕ್ಲಿಪ್ ಮೇಲ್ನೋಟಕ್ಕೆ ಫಳಫಳ ಹೊಳೆಯುತ್ತಿತ್ತು. ಅದನ್ನು ಕಿತ್ತು ನೋಡಿದರೆ ಅದರ ಕೆಳಗೆ ಬ್ರಾಕೆಟ್ಟಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಕ್ಲಿಪ್ಪನ್ನೇ ಮೇಲಕ್ಕೆತ್ತಿ ಪ್ಯಾಡಿನ ದಾರಿಯನ್ನು ಇಕ್ಕಟ್ಟು ಮಾಡಿತ್ತು. ಪ್ಯಾಡ್ ಬದಲಿಸುವಾಗ ಕ್ಲಿಪ್ಪನ್ನು ಮೇಲಿಂದ ಒರೆಸಿ ಬಿಡುವ ಅಭ್ಯಾಸ ಎಷ್ಟು ಸಾಮಾನ್ಯವೋ ಈ ದೋಷವೂ ಅಷ್ಟೇ ಸಾಮಾನ್ಯ. ತಂತಿ ಬ್ರಶ್ ಮತ್ತು ಅರದಿಂದ ತುಕ್ಕನ್ನು ಮಾತ್ರ ತೆಗೆದು, ಲೋಹ ತಿನ್ನದಂತೆ ಮಟ್ಟ ಮಾಡಿ, ಹೊಸ ಕ್ಲಿಪ್ ಕೂರಿಸಿದ ಬಳಿಕ ಪ್ಯಾಡ್ ಬೆರಳಿನ ಒತ್ತಿಗೆ ಜಾರಿತು. ಧೂಳನ್ನು ಗಾಳಿ ಊದಿ ತೆಗೆಯದೆ ಒದ್ದೆ ಬಟ್ಟೆಯಿಂದ ಒರೆಸಿದೆ. ಅದು ಉಸಿರಿನೊಳಗೆ ಹೋಗಬೇಕಾದ ವಸ್ತುವಲ್ಲ.

ಡಿಸ್ಕಿನ ಬಗ್ಗೆ ಸ್ವಲ್ಪ ಯೋಚಿಸಬೇಕಾಯಿತು. ಅದರ ಮೇಲೆ ಅಚ್ಚೊತ್ತಿದ್ದ ಕನಿಷ್ಠ ದಪ್ಪ 20 ಮಿಲಿಮೀಟರ್; ಮೈಕ್ರೋಮೀಟರಿನಲ್ಲಿ ಎಡಗಡೆಯದು 20.4 ಇತ್ತು, ಅತಿಯಾಗಿ ಕಾದ ನೀಲಿ ಕಲೆಗಳೂ ಇದ್ದವು. ಇಂದಿನ ಮಟ್ಟಿಗೆ ಅದು ಮಿತಿಯೊಳಗೇ ಇದೆ, ಆದರೆ ಹೊಸ ಪ್ಯಾಡ್ ಸವೆದು ಮುಗಿಯುವ ಮೊದಲೇ ಮಿತಿ ದಾಟುತ್ತದೆ. ಎರಡೂ ಡಿಸ್ಕ್‌ಗಳನ್ನು ಜೋಡಿಯಾಗಿ ಬದಲಿಸಿದೆ.

ಫ್ಲೂಯಿಡ್ ಬದಲಾವಣೆಗೆ ಟ್ಯಾಂಕಿನ ಮುಚ್ಚಳದ ಮೇಲೆ ನಮೂದಾಗಿದ್ದ ಡಾಟ್ 4 ಅನ್ನೇ, ಮೊಹರು ಒಡೆಯದ ಒಂದು ಲೀಟರಿನ ಬಾಟಲಿಯಿಂದ ಬಳಸಿದೆ. ಡಾಟ್ 5.1 ಹಾಕಿದರೆ ಇನ್ನೂ ಸುರಕ್ಷಿತವಲ್ಲವೇ ಎಂದು ಮಾಲೀಕರು ಕೇಳಿದರು. ಅದು ಡಾಟ್ 4ರೊಡನೆ ಬೆರೆಯುತ್ತದೆ, ಅದರ ಕುದಿಬಿಂದುವೂ ಹೆಚ್ಚು. ಆದರೆ ಅದೂ ತೇವ ಹೀರುತ್ತದೆ, ಬಿಗಿದ ಪಿನ್ನನ್ನು ಅದು ಬಿಡಿಸುವುದಿಲ್ಲ. ಹೆಸರಿನಲ್ಲಿ ಹತ್ತಿರವಿರುವ ಡಾಟ್ 5 ಮಾತ್ರ ಪೂರ್ತಿ ಬೇರೆ, ಸಿಲಿಕೋನಿನದು. ಅದನ್ನು ಗ್ಲೈಕಾಲ್ ಫ್ಲೂಯಿಡ್‌ನೊಡನೆ ಎಂದಿಗೂ ಬೆರೆಸಬಾರದು.

ಟ್ಯಾಂಕನ್ನು ಮೊದಲು ಖಾಲಿ ಮಾಡಿ ಹೊಸ ಫ್ಲೂಯಿಡ್ ತುಂಬಿ, ಕೈಪಿಡಿ ಹೇಳಿದ ಕ್ರಮದಲ್ಲಿ ಒಂದೊಂದೇ ಚಕ್ರಕ್ಕೆ ಹೋದೆವು. ಅತಿ ದೂರದ ಚಕ್ರದಿಂದ ಆರಂಭಿಸಬೇಕೆಂಬ ಹಳೆಯ ನಿಯಮ ಎಲ್ಲ ಕಾರುಗಳಿಗೂ ಅನ್ವಯಿಸುವುದಿಲ್ಲ, ಕರ್ಣಾಕಾರದ ಹಂಚಿಕೆಯಲ್ಲಿ ಕ್ರಮ ಬೇರೆ ಇರಬಹುದು. ಮಾಲೀಕರು ಪೆಡಲ್ ಒತ್ತಿ ಹಿಡಿಯುವುದು, ನಾನು ಬ್ಲೀಡರ್ ತೆರೆದು ಮುಚ್ಚುವುದು, ಮುಚ್ಚಿದೆನೆಂದು ಹೇಳಿದ ಮೇಲೆಯೇ ಅವರು ಪಾದ ತೆಗೆಯುವುದು, ಹೀಗೆ ನಡೆಯಿತು. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟಿದ್ದೆ. ಮಾಸ್ಟರ್ ಸಿಲಿಂಡರಿನ ಸೀಲ್ ದಿನನಿತ್ಯ ಓಡಾಡುವುದು ಮೊದಲರ್ಧದಲ್ಲಿ ಮಾತ್ರ. ಆಚೆಯ ಭಾಗದಲ್ಲಿ ವರ್ಷಗಳ ಕೊಳೆ, ತುಕ್ಕು ಕೂತಿರುತ್ತದೆ. ಬ್ಲೀಡ್ ಮಾಡುವ ಭರದಲ್ಲಿ ಪೆಡಲನ್ನು ನೆಲಕ್ಕೆ ತುಳಿದರೆ ಸೀಲ್ ಆ ಒರಟು ಜಾಗಕ್ಕೆ ಹೋಗಿ ಹರಿಯಬಹುದು, ಚೆನ್ನಾಗಿದ್ದ ಮಾಸ್ಟರ್ ಸಿಲಿಂಡರ್ ನಮ್ಮ ಕೈಯಿಂದಲೇ ಕೆಡಬಹುದು. ಎಡ ಮುಂಭಾಗದಿಂದ ಮೊದಲು ಕಡುಕಂದು ಬಣ್ಣದ ಫ್ಲೂಯಿಡ್, ಅದರ ಹಿಂದೆ ತಿಳಿಯಾದದ್ದು ಬಂತು. ಲೈನನ್ನು ಎಲ್ಲಿಯೂ ಬಿಚ್ಚದಿದ್ದರಿಂದಲೂ ಬ್ಲೀಡ್ ಮಾಡುವಾಗ ಟ್ಯಾಂಕ್ ಬರಿದಾಗಲು ಬಿಡದಿದ್ದರಿಂದಲೂ ಎಬಿಎಸ್ ಘಟಕಕ್ಕೆ ಗಾಳಿ ಹೋಗಲಿಲ್ಲ, ಗಾಳಿ ತೆಗೆಯಲು ಆ ಘಟಕವನ್ನು ಚಾಲೂ ಮಾಡುವ ಸ್ಕ್ಯಾನರ್ ಬೇಕಾಗಲಿಲ್ಲ. ಹಿಂದಿನ ಎಡ ಬ್ಲೀಡರ್ ತುಕ್ಕಿನಿಂದ ಅಲುಗಾಡದೆ ಕೂತಿತ್ತು. ತುಕ್ಕು ಬಿಡಿಸುವ ದ್ರವ ಹಾಕಿ ರಾತ್ರಿಯಿಡೀ ಬಿಟ್ಟು, ಮರುದಿನ ಆರು ಮೂಲೆಯ ಸಾಕೆಟ್ಟಿನಿಂದ ತೆರೆದೆ. ಅವಸರಪಟ್ಟಿದ್ದರೆ ಅದು ಮುರಿಯುತ್ತಿತ್ತು. ತೆಗೆದ ಹಳೆಯ ಫ್ಲೂಯಿಡನ್ನು ಚರಂಡಿಗೆ ಚೆಲ್ಲದೆ, ಅಪಾಯಕಾರಿ ತ್ಯಾಜ್ಯದೊಡನೆ ಒಪ್ಪಿಸಲು ಪ್ರತ್ಯೇಕ ಡಬ್ಬಿಯಲ್ಲಿ ಇಟ್ಟೆವು.

ಫಲಿತಾಂಶ

ಕಾರನ್ನು ಕದಲಿಸುವ ಮೊದಲು ಪೆಡಲನ್ನು ಹಲವು ಸಲ ಒತ್ತಿ ಪ್ಯಾಡ್‌ಗಳನ್ನು ಡಿಸ್ಕಿನ ಹತ್ತಿರ ತಂದೆವು. ಇದನ್ನು ಮರೆತರೆ ಮೊದಲ ಒತ್ತಿಗೆ ಬ್ರೇಕ್ ಹಿಡಿಯುವುದೇ ಇಲ್ಲ. ಬಳಿಕ ಖಾಲಿ ರಸ್ತೆಯಲ್ಲಿ 60ರ ವೇಗದಿಂದ 20ಕ್ಕೆ ಹದವಾಗಿ ಇಳಿಸುವುದನ್ನು ನಡುವೆ ತಣಿಯಲು ಬಿಡುತ್ತ ಹತ್ತು ಸಲ ಮಾಡಿ, ಹೊಸ ಪ್ಯಾಡ್ ಮತ್ತು ಡಿಸ್ಕುಗಳನ್ನು ಪರಸ್ಪರ ಒಗ್ಗಿಸಿದೆವು. ಅದೇ 12 ಕಿಲೋಮೀಟರ್ ರಸ್ತೆಯಲ್ಲಿ ಮತ್ತೆ ಅಳೆದಾಗ ಎಡಗಡೆ 71 ಡಿಗ್ರಿ, ಬಲಗಡೆ 69. ಮಾಲೀಕರು ಅಷ್ಟೇ ಭಾರ ಹೇರಿಕೊಂಡು ಅದೇ ಬೆಟ್ಟವನ್ನು, ಈ ಸಲ ಎರಡನೆಯ ಗೇರಿನಲ್ಲಿ, ಇಳಿದು, ಕೆಳಗೆ ಅಷ್ಟೇ ಹೊತ್ತು ನಿಂತು ಹೊರಟು ನೋಡಿದರು. ಪೆಡಲ್ ಗಟ್ಟಿಯಾಗಿಯೇ ಇತ್ತು.

ಎಂಟು ತಿಂಗಳ ಅನಂತರ ಟ್ಯಾಂಕಿನ ಮಟ್ಟ ಗೆರೆಗಿಂತ ಸುಮಾರು 2 ಮಿಲಿಮೀಟರ್ ಇಳಿದಿದೆಯೆಂದು ಅವರು ಫೋನ್ ಮಾಡಿದರು, ಏನನ್ನೂ ಸುರಿದಿರಲಿಲ್ಲ. ಚಕ್ರ ಬಿಚ್ಚಿ ಅಳೆದೆವು: ಎಡಗಡೆ ಒಳಪ್ಯಾಡ್ 9.0, ಹೊರಪ್ಯಾಡ್ 9.1, ಬಲಗಡೆ ಎರಡೂ 9.1. ನಾಲ್ಕೂ ಸೇರಿ 3.7 ಮಿಲಿಮೀಟರ್ ಸವೆತ, ಲೆಕ್ಕಕ್ಕೆ ಎಂಟೂವರೆ ಮಿಲಿಲೀಟರ್. ಇಳಿದ ಮಟ್ಟಕ್ಕೆ ಅದು ಸರಿಹೊಂದಿತು. ನಾಲ್ಕು ಪಿನ್‌ಗಳೂ ಬೆರಳಿನಿಂದ ತಳ್ಳಿದರೆ ಜಾರಿದವು. ಬೂಟ್‌ಗಳು ತಮ್ಮ ತೋಡಿನಲ್ಲಿ ಕೂತಿರುವುದನ್ನು ಸುತ್ತಲೂ ತಡವಿ ನೋಡಿ, ಫ್ಲೂಯಿಡ್ ಸೇರಿಸದೆಯೇ ಚಕ್ರಗಳನ್ನು ಮತ್ತೆ ಬಿಗಿದೆವು.